ತಲೆ ರೌಂಡ್ ಆದ ಬೋಲ್ಟ್ ಬಿಚ್ಚೋದು ಹೇಗೆ

ಸ್ಪಾನರ್ ಒಂದ್ಸಲ ಜಾರಿತಾ, ಅಲ್ಲೇ ಕೈ ನಿಲ್ಲಿಸಿ. ಇನ್ನೊಂದ್ಸಲ ಜೋರಾಗಿ ಎಳೀತೀನಿ ಅಂತ ಹೋದ್ರೆ ಮೂಲೆಗಳೆಲ್ಲ ಸವೆದು ತಲೆ ಗುಂಡಗಾಗೋಗುತ್ತೆ, ನಂಗಾಗಿದ್ದೂ ಅದೇ. ಮಲ್ಪೆ ಕಡೆ ಹತ್ತು ವರ್ಷ ಉಪ್ಪುಗಾಳಿ ತಿಂದ ಕಾರು, ಮುಂದಿನ ಬ್ರೇಕ್ ಡಿಸ್ಕ್ ಬದಲಾಯಿಸ್ಬೇಕಿತ್ತು, ಬ್ರೇಕ್ ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಕೂರೋ ಬ್ರಾಕೆಟ್‌ದು ಎರಡು ಬೋಲ್ಟಲ್ಲಿ ಒಂದು ಬಂತು ಇನ್ನೊಂದು ಅಲ್ಲಾಡಲೇ ಇಲ್ಲ.

ಮೊದ್ಲು ಜಾಕ್ ಒಂದನ್ನೇ ನಂಬ್ಬೇಡಿ, ಕೆಳಗೆ ಸ್ಟ್ಯಾಂಡ್ ಇಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಯಾಕಂದ್ರೆ ಈ ಕೆಲಸದಲ್ಲಿ ಕಾರನ್ನ ಜಗ್ಗಾಡ್ತೀವಿ. ಆಮೇಲೆ ಯಾವ ಕಡೆ ತಿರುಗಿಸ್ತಿದ್ದೀರಿ ನೋಡ್ಕೊಳ್ಳಿ. ಈ ಬೋಲ್ಟಿನ ತಲೆ ಒಳಗಡೆ ಇರುತ್ತೆ, ನಾವು ಹೊರಗೆ ಕೂತು ಕೈ ಹಾಕಿ ಬಿಚ್ತೀವಿ, ಎಷ್ಟೋ ಜನ ಬಿಚ್ತಿದ್ದೀನಿ ಅಂದ್ಕೊಂಡು ಬಿಗಿ ಮಾಡ್ತಿರ್ತಾರೆ. ತಲೆ ಎದುರಿಗೆ ನಿಂತು ನೋಡ್ದಂಗೆ ಯೋಚ್ನೆ ಮಾಡಿ, ಗಡಿಯಾರದ ಉಲ್ಟಾ ದಿಕ್ಕೇ ಸಡಿಲ ಆಗೋ ದಿಕ್ಕು.

ವೈರ್ ಬ್ರಷ್ಷಲ್ಲಿ ತುಕ್ಕು ಉಜ್ಜಿ ತೆಗೆದು, ಥ್ರೆಡ್ ಕಾಣೋ ಕಡೆಯಿಂದ ಪೆನಿಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯೋ ತೆಳು ಎಣ್ಣೆ) ಬಿಡಿ, ಪ್ಯಾಡಿಗೂ ಡಿಸ್ಕಿಗೂ ತಾಗಬಾರ್ದು. ಐದು ನಿಮಿಷ ಸಾಲಲ್ಲ, ರಾತ್ರಿಯಿಡೀ ಬಿಡಿ, ಮಧ್ಯೆ ಮಧ್ಯೆ ತಲೆ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಏಟು ಹಾಕಿ, ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗೆ ಇಳಿಯುತ್ತೆ.

ಬೆಳಿಗ್ಗೆ 12 ಮೂಲೆದು ಬೇಡ, 6 ಮೂಲೆ ಸಾಕೆಟ್ಟೇ ತಗೊಳ್ಳಿ. ನನ್ನ ಬೋಲ್ಟಿನ ತಲೆ 14 ಎಂಎಂ, ಸವೆದಿದ್ರಿಂದ 14ರ ಸಾಕೆಟ್ ಸುಮ್ನೆ ಸುತ್ತುತಿತ್ತು, 13ರದ್ದನ್ನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ಕೂರಿಸ್ದೆ. ಉದ್ದ ಹಿಡಿ ಹಾಕಿ ಮೊದಲು ಬಿಗಿ ಆಗೋ ಕಡೆಗೇ ಒಂದು ಕೂದಲೆಳೆಯಷ್ಟು ಒತ್ತಿ, ಆಮೇಲೆ ವಾಪಸ್ ಎಳೆದೆ, ಟಕ್ ಅಂತ ಒಣ ಸದ್ದು ಬಂತು. ಆ ಸದ್ದು ಬಂದ್ಮೇಲೂ ಅವಸರ ಬೇಡ, ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಎಣ್ಣೆ ಬಿಟ್ಟು ಮತ್ತೆ ಬಿಚ್ಚಿ, ಇಲ್ಲಾಂದ್ರೆ ಬೋಲ್ಟ್ ಮಧ್ಯಕ್ಕೇ ಮುರಿಯುತ್ತೆ.

ಇದಕ್ಕೂ ಬಗ್ಗದಿದ್ರೆ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗೋ ಇಕ್ಕಳ) ಕಚ್ಚಿಸಿ ನೋಡಿ. ಮನೇಲಿ ಟಾರ್ಚ್ ಹಚ್ಚೋಕೆ ಹೋಗ್ಬೇಡಿ, ಪಕ್ಕದಲ್ಲೇ ಬ್ರೇಕ್ ಹೋಸು, ರಬ್ಬರು ಇದೆ, ಅಲ್ಲದೆ ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಹೊಡೆದಿದ್ದ ಜಾಗ ಕಾಯಿಸಿದ್ರೆ ವಿಷದ ಗ್ಯಾಸ್ ಬರುತ್ತೆ. ವೆಲ್ಡಿಂಗ್ ಗೊತ್ತಿರೋರ ಹತ್ರ ಸವೆದ ತಲೆ ಮೇಲೆ ಹೊಸ ನಟ್ಟು ವೆಲ್ಡ್ ಮಾಡಿಸಿ, ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆ ದಾರಿ ಇಲ್ಲ, ಹಿಡಿಯೋಕೆ ಹೊಸ ತಲೆ ಸಿಗುತ್ತೆ, ಆ ಕಾವಿಗೇ ತುಕ್ಕೂ ಬಿಡುತ್ತೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟಿರಿ. ತಲೆ ಮುರಿದೇ ಹೋಗಿದ್ರೆ ನಟ್ಟನಡುವೆ ಪಂಚ್ ಹೊಡೆದು ಡ್ರಿಲ್ ಮಾಡಿ, ಮುರಿದ ತುಂಡನ್ನ ಒಳಗಿಂದ ಕಚ್ಚಿ ತಿರುಗಿಸೋ ಎಕ್ಸ್‌ಟ್ರಾಕ್ಟರ್ ಹಾಕ್ಬೇಕು, ಆದ್ರೆ ಅದು ಒಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್ಟಿಗೆ ಕೊರೆಯೋಕಾಗಲ್ಲ, ಹಾಗಾಗಿ ಕೈ ಪಳಗದಿದ್ರೆ ಲೇತ್ ಅಂಗಡಿಗೇ ಕೊಡಿ.

ಬಿಚ್ಚಿದ ಕ್ಯಾಲಿಪರನ್ನ ಹೋಸಿನ ಮೇಲೆ ನೇತಾಡೋಕೆ ಬಿಡ್ಬೇಡಿ, ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಹಳೇ ಬೋಲ್ಟ್ ಬಿಸಾಕಿ. ಹೊಸದರ ತಲೆ ಮೇಲೆ ಹಳೇದ್ರಲ್ಲಿದ್ದ ಗ್ರೇಡ್ ನಂಬರೇ (ಬೋಲ್ಟ್ ಎಷ್ಟು ಗಟ್ಟಿ ಅನ್ನೋ ಗುರುತು) ಇರ್ಬೇಕು, ಉದ್ದವೂ ಥ್ರೆಡ್ಡೂ ಅದೇ ಇರ್ಬೇಕು, ಬ್ರೇಕಿನದು ಅಂದ್ಮೇಲೆ ಹಾರ್ಡ್‌ವೇರ್ ಅಂಗಡಿಯ ಯಾವುದೋ ಬೋಲ್ಟ್ ಹಾಕೋ ಹಾಗಿಲ್ಲ. ಹಾಕೋ ಮುಂಚೆ ತೂತಿನ ಥ್ರೆಡ್ ಕ್ಲೀನ್ ಮಾಡಿ, ಮೊದಲ ಸುತ್ತುಗಳನ್ನ ಬರಿಗೈಯಲ್ಲೇ ತಿರುಗಿಸಿ, ಕೊನೆಗೆ ಮ್ಯಾನುಯಲ್ಲಲ್ಲಿರೋ ಟಾರ್ಕಿಗೆ, ಅಂದ್ರೆ ಎಷ್ಟು ಬಲದಲ್ಲಿ ತಿರುಗಿಸ್ಬೇಕು ಅಂತ ಹೇಳಿರೋ ಅಳತೆಗೆ, ಬಿಗಿ ಮಾಡಿ.