ಮಾತುಕತೆಯ ದೃಶ್ಯವನ್ನು ನಾನು ಕತ್ತರಿಸುವ ಬಗೆ

ಎಡಿಟರ್ ಕೆಲಸದಲ್ಲಿ ಹೊಡೆದಾಟದ ದೃಶ್ಯಕ್ಕಿಂತ, ಇಬ್ಬರು ಕೂತು ಮಾತಾಡುವ ದೃಶ್ಯವೇ ಕಷ್ಟದ್ದು. ತಪ್ಪು ಮುಚ್ಚಿಡೋಕೆ ಅಲ್ಲಿ ಜಾಗವೇ ಇರುವುದಿಲ್ಲ.

ರಶಸ್, ಅಂದರೆ ಚಿತ್ರೀಕರಣದ ಕಚ್ಚಾ ತುಣುಕುಗಳು, ಬಂದ ಕೂಡಲೇ ಸಿಂಕ್ ನೋಡುತ್ತೇನೆ, ಅಂದರೆ ಚಿತ್ರಕ್ಕೂ ಧ್ವನಿಗೂ ಹೊಂದಿಕೆ ಇದೆಯೇ ಎಂದು. ಕ್ಲಾಪಿನ ಹಲಗೆ ಪೂರ್ತಿ ಮುಚ್ಚಿದ ಮೊದಲ ಫ್ರೇಮಿಗೆ ಧ್ವನಿಯ ಚೂಪು ಅಲೆಯನ್ನು ಕೂಡಿಸಬೇಕು. ಅಷ್ಟಕ್ಕೇ ನಿಲ್ಲಿಸಬಾರದು, ಟೇಕಿನ ಕೊನೆಯನ್ನೂ ನೋಡಬೇಕು. ಸೆಕೆಂಡಿಗೆ 23.976ರಂತೆ ತೆಗೆದ ಫ್ರೇಮುಗಳು 24ರ ವೇಗದಲ್ಲಿ ಓಡುತ್ತಿದ್ದು ಧ್ವನಿ ಹಾಗೇ ಉಳಿದಿದ್ದರೆ, ಕ್ಲಾಪಿನ ಹತ್ತಿರ ಎಲ್ಲ ಸರಿಯಾಗಿ ಕಂಡು, 10 ನಿಮಿಷದ ಹೊತ್ತಿಗೆ ತುಟಿಗೂ ಮಾತಿಗೂ 14 ಫ್ರೇಮ್ ಅಂತರ ಬಿದ್ದಿರುತ್ತದೆ.

ಕತ್ತರಿಸುವಾಗ ಮೊದಲು ಧ್ವನಿಯನ್ನಷ್ಟೇ ಜೋಡಿಸುತ್ತೇನೆ. ಪ್ರತಿ ಸಾಲಿಗೂ ಒಳ್ಳೆಯ ಟೇಕ್ ಆರಿಸಿ, ಪರದೆ ನೋಡದೆ ಕೇಳುತ್ತೇನೆ. ಎಲ್ಲಿ ಉಸಿರು ಬೇಕು, ಎಲ್ಲಿ ಮೌನ ಎಳೆಯಿತು ಅನ್ನುವುದು ಕಿವಿಗೇ ಬೇಗ ಗೊತ್ತಾಗುವುದು. ಚಿತ್ರ ಆಮೇಲೆ. ಮಾತು ಮುಗಿದಲ್ಲೇ ಪ್ರತಿ ಸಲ ಕಟ್ ಮಾಡಿದರೆ ಟೆನಿಸ್ ಆಟ ನೋಡಿದಂತಾಗುತ್ತದೆ. ಅದಕ್ಕೇ ಸಾಲು ಮುಗಿಯುವ 8–12 ಫ್ರೇಮ್ ಮೊದಲೇ ಕೇಳುವವರ ಮುಖಕ್ಕೆ ಹೋಗುತ್ತೇನೆ. ಕೆಲವೆಡೆ ಉತ್ತರದ ಮೊದಲ ಪದ ಹಳೆಯ ಮುಖದ ಮೇಲೇ ಕೇಳಿಸಲಿ ಎಂದು ಬಿಡುತ್ತೇನೆ. ಲೋಟ ಕೆಳಗಿಡುವಂಥ ಚಲನೆ ಇದ್ದರೆ ಕೈ ಹೊರಟ ಮೇಲೆ ಕಟ್, ಹೊರಡುವ ಮುಂಚೆ ಅಲ್ಲ.

ಮಾತಿನ ನಡುವೆ ಧ್ವನಿ ಕತ್ತರಿಸಿದ ಜಾಗ ಖಾಲಿ ಬಿಟ್ಟರೆ ಗುಂಡಿಗೆ ಕಾಲಿಟ್ಟ ಹಾಗೆ ಕೇಳುತ್ತದೆ. ಅದೇ ಕೋಣೆಯ ನಿಶ್ಶಬ್ದವನ್ನು 30 ಸೆಕೆಂಡಾದರೂ ರೆಕಾರ್ಡ್ ಮಾಡಿಸಿಕೊಂಡು ತುಂಬಿ, ಎರಡೂ ತುದಿಗೆ 2 ಫ್ರೇಮಿನ ಕ್ರಾಸ್‌ಫೇಡ್ (ಒಂದು ಧ್ವನಿ ಇಳಿಯುತ್ತ ಇನ್ನೊಂದು ಏರುವುದು) ಕೊಟ್ಟರೆ ಸಾಕು. ಇಬ್ಬರೂ ಒಟ್ಟಿಗೆ ಮಾತಾಡಿ ಒಂದೇ ಮೈಕಿಗೆ ಬಿದ್ದ ಸಾಲನ್ನು ಮಾತ್ರ ನಾನು ಬಿಡಿಸಲು ಹೋಗುವುದಿಲ್ಲ. ಆ ಪದವನ್ನು ಬೇರೆ ಟೇಕಿನಿಂದ ತರುತ್ತೇನೆ.

ಲಾಕ್ ಆದ ಮೇಲಿನದು, ಅಂದರೆ ಕತ್ತರಿಸುವ ಕೆಲಸ ಅಂತಿಮವಾದ ಮೇಲಿನದು, ಗುಮಾಸ್ತಿಕೆ, ಆದರೆ ಹೆಸರು ಕೆಡುವುದು ಅಲ್ಲೇ. ಸುಮಾರು 20 ನಿಮಿಷದ ರೀಲುಗಳಾಗಿ ಒಡೆದು, ಚಿತ್ರ-ಧ್ವನಿ ಹೊಂದಿಸಿಕೊಳ್ಳಲು ಪ್ರತಿ ರೀಲಿನ ಚಿತ್ರದ ಮೊದಲ ಫ್ರೇಮಿಗೆ 48 ಫ್ರೇಮ್ ಮುಂಚೆ ಒಂದೇ ಫ್ರೇಮಿನ ಬೀಪ್ ಇಡುತ್ತೇನೆ. ಸೌಂಡ್ ತಂಡಕ್ಕೆ ಹೋಗುವ, ಕತ್ತರಿಸಿದ ಧ್ವನಿಯನ್ನು ಅವರ ತಂತ್ರಾಂಶಕ್ಕೆ ಒಯ್ಯುವ ಫೈಲಾದ ಎಎಎಫ್‌ನಲ್ಲಿ ಪ್ರತಿ ಕ್ಲಿಪ್ಪಿನ ಎರಡೂ ಕಡೆ ಹೆಚ್ಚುವರಿ ಫ್ರೇಮುಗಳು ಇರಲೇಬೇಕು, ಇಲ್ಲದಿದ್ದರೆ ಅವರಿಗೆ ಫೇಡ್ ಹಾಕಲು ಜಾಗವಿಲ್ಲ. ಲಾಕ್ ಆದ ಮೇಲೆ ನಿರ್ದೇಶಕರು 6 ಫ್ರೇಮ್ ತೆಗೆಸಿದರೂ ಯಾವ ರೀಲು, ಯಾವ ಟೈಮ್‌ಕೋಡ್ (ಆ ಫ್ರೇಮಿನ ಸಮಯದ ಗುರುತು) ಅಂತ ಬರೆದು, ಹೊಸ ವರ್ಷನ್ ನಂಬರ್ ಕೊಟ್ಟು ಅದೇ ದಿನ ಎಲ್ಲರಿಗೂ ಕಳಿಸುತ್ತೇನೆ.