ಪೆಡಲ್ ಮೇಲಿನ ಕಾಲು

ಏಪ್ರಿಲ್, ಮೇ ಬಂತೆಂದರೆ ಶಿರಸಿಯಲ್ಲಿ ನನ್ನಂಥ ಮೂಳೆ ಡಾಕ್ಟರಿಗೆ ಕೆಲಸ ಜಾಸ್ತಿ. ಮಾವಿನ ಮರ, ಗೇರು ಮರ ಹತ್ತಿ ಬಿದ್ದ ಮಕ್ಕಳು ಬರುತ್ತಲೇ ಇರುತ್ತಾರೆ. ಹೆಚ್ಚಿನವರಿಗೆ ಮೊಣಕೈ ಗಂಟಿನ ಸ್ವಲ್ಪ ಮೇಲೆ ಮುರಿದಿರುತ್ತದೆ. ಸುಪ್ರಾಕಾಂಡೈಲರ್ ಅನ್ನುವುದು ಇದನ್ನೇ. ಮೂಳೆ ಜಾರಿದ್ದರೆ ಎಳೆದು ಕೂರಿಸಿ, ಚರ್ಮದ ಮೇಲಿಂದಲೇ ಎರಡೋ ಮೂರೋ ಕೆ-ವೈರ್, ಅಂದರೆ ಮೂಳೆ ಹಿಡಿದಿಡುವ ತೆಳು ಲೋಹದ ತಂತಿ, ಹಾಕುತ್ತೇವೆ. ಕೊಯ್ಯುವುದಿಲ್ಲ. ಹಾಗಾಗಿ ಎಲ್ಲವನ್ನೂ ಸಿ-ಆರ್ಮ್, ಅಂದರೆ ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ಚಿತ್ರ ತೋರಿಸುವ ಯಂತ್ರದ ಪರದೆಯಲ್ಲಿ ನೋಡಿಯೇ ಮಾಡಬೇಕು.

ನಾನು ಕಲಿತ ಕಡೆ ಎಕ್ಸ್‌ರೇ ಕಿರಣ ಬಿಡುವ ಪೆಡಲ್ ಒತ್ತಿದವರು ಕಾಲು ಎತ್ತುತ್ತಲೇ ಇರಲಿಲ್ಲ. ನಾನೂ ಹಾಗೇ ಕಲಿತೆ. ಒಂದು ದಿನ ಆರು ವರ್ಷದ ಹುಡುಗಿಯ ಕೈಯ ಆಪರೇಷನ್ ಮುಗಿಸಿ, ಕಿರಣ ಬಿಟ್ಟ ಹೊತ್ತು ಎಷ್ಟೆಂದು ಯಂತ್ರದಲ್ಲಿ ನೋಡಿದೆ. ಎರಡು ನಿಮಿಷದ ಹತ್ತಿರ! ಅದರಲ್ಲಿ ಎಷ್ಟೋ ಹೊತ್ತು ಕೈಯನ್ನು ಪರದೆಯ ನಡುವಿಗೆ ತರುವುದರಲ್ಲೇ ಹೋಗಿತ್ತು. ಅದರಿಂದ ಮಗುವಿಗೆ ಏನೂ ಉಪಯೋಗವಿರಲಿಲ್ಲ. ಮನಸ್ಸಿಗೆ ತುಂಬಾ ಕಸಿವಿಸಿಯಾಯಿತು.

ಮೊದಲು ಮಾಡಿದ್ದು ಬಹಳ ಸಣ್ಣ ಕೆಲಸ. ನೇರ ಚಿತ್ರಕ್ಕೆ ಸಿ-ಆರ್ಮ್ ಗಾಲಿ ಎಲ್ಲಿ ನಿಲ್ಲಬೇಕು, ಹಿಂದೆ ಸರಿಸಿದರೆ ಎಲ್ಲಿಗೆ ಬರಬೇಕು ಎಂದು ನೆಲಕ್ಕೆ ಬಣ್ಣದ ಟೇಪ್ ಅಂಟಿಸಿದೆವು. ಈಗ ಟೆಕ್ನಿಷಿಯನ್ ಕಿರಣ ಬಿಡದೆಯೇ ಯಂತ್ರವನ್ನು ಜಾಗಕ್ಕೆ ತರುತ್ತಾರೆ. ವೈರ್ ಹೋಗಬೇಕಾದ ದಾರಿಯನ್ನು ನಾನು ಮೊದಲೇ ಚರ್ಮದ ಮೇಲೆ ಪೆನ್ನಿನಿಂದ ಗೆರೆ ಹಾಕಿಕೊಳ್ಳುತ್ತೇನೆ. ಆಮೇಲೆ ಪೆಡಲ್ ಒಮ್ಮೆ ಒತ್ತಿ ಬಿಡುವುದು, ಅಷ್ಟೇ. ಕಡೆಯ ಚಿತ್ರ ಪರದೆಯಲ್ಲಿ ನಿಂತೇ ಇರುತ್ತದಲ್ವಾ, ಯೋಚನೆ ಮಾಡುವುದು ಅದನ್ನು ನೋಡಿಯೇ. ಚಿತ್ರ ಹಿಡಿಯುವ ಭಾಗವನ್ನು ಕೈಗೆ ಆದಷ್ಟು ಹತ್ತಿರ ತರುತ್ತೇವೆ, ಕಿರಣ ಬರುವ ಟ್ಯೂಬ್ ಕೆಳಗೆ, ದೂರದಲ್ಲಿ. ಮೊಣಕೈಯಷ್ಟೇ ಕಾಣುವ ಹಾಗೆ ಕಿರಣ ಹೊರಬರುವ ಕಿಟಕಿ ಕಿರಿದು ಮಾಡುತ್ತೇವೆ. ಚಿತ್ರ ದೊಡ್ಡದು ಮಾಡುವ ಬಟನ್ ಮುಟ್ಟುವುದಿಲ್ಲ, ಅದರಿಂದ ಕಿರಣ ಹೆಚ್ಚುತ್ತದೆ. ಕೈ ಹಿಡಿಯಬೇಕಿಲ್ಲದವರು ಎರಡು ಹೆಜ್ಜೆ ಹಿಂದೆ. ದೂರ ಎರಡರಷ್ಟಾದರೆ ತಗಲುವ ಕಿರಣ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಈಗ ಬಹಳಷ್ಟು ಕೈಗಳಿಗೆ ಕಿರಣ ಬಿಡುವ ಹೊತ್ತು ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಪ್ರತಿ ಸಲ ಸೆಕೆಂಡ್ ಬರೆದಿಡುತ್ತೇವೆ. ಬರೆಯಲು ಶುರು ಮಾಡಿದ ಮೇಲೇ ಕಾಲು ತಾನಾಗಿ ಹಗುರವಾಯಿತು.

ಒಬ್ಬ ಅಜ್ಜ ಕೇಳಿದ್ದರು, "ಡಾಕ್ಟ್ರೇ, ಇದು ಕೈಗಾ ಅಣುಸ್ಥಾವರದ ರೇಡಿಯೇಷನ್ ಥರದ್ದೇ ಅಲ್ವಾ? ಮೊಮ್ಮಗನಿಗೆ ಏನೂ ಆಗೋದಿಲ್ವಾ?" ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಸಹಜ. ಕೈಯ ಒಂದು ಎಕ್ಸ್‌ರೇಯಲ್ಲಿ ಬರುವುದು ಬಹಳ ಕಡಿಮೆ, ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ಕೆಲವೇ ಗಂಟೆಗಳಲ್ಲಿ ಬರುವಷ್ಟು ಎಂದೆ. ಹೆದರಿ ಬೇಕಾದ ಎಕ್ಸ್‌ರೇ ಬಿಡಬಾರದು. ಆದರೆ ಬೆಳೆಯುವ ಜೀವಕ್ಕೆ ಕಿರಣ ಹೆಚ್ಚು ನಾಟುತ್ತದೆ, ಮುಂದೆ ಬಾಳುವ ವರ್ಷಗಳೂ ಜಾಸ್ತಿ. ಬೇಡದ್ದನ್ನು ಯಾಕೆ ಕೊಡಬೇಕು?

ಹಾಗಾಗಿ ಒಪಿಡಿಯಲ್ಲೂ ಕೆಲವನ್ನು ಬಿಟ್ಟಿದ್ದೇನೆ. ಮಣಿಕಟ್ಟಿನ ಬಳಿ ಮೂಳೆ ಬರೀ ಉಬ್ಬಿದ್ದರೆ, ಅಂದರೆ ಬಕಲ್ ಮುರಿತವಾದರೆ, ಮತ್ತೆ ಎಕ್ಸ್‌ರೇ ಇಲ್ಲ. ಅದು ಜಾರುವುದಿಲ್ಲ. ಹೋಲಿಸಿ ನೋಡಲು ಚೆನ್ನಾಗಿರುವ ಕೈಯದ್ದನ್ನೂ ಸುಮ್ನೆ ತೆಗೆಸುವುದಿಲ್ಲ. ಮಕ್ಕಳ ಮೊಣಕೈ ಮೂಳೆಗಳಲ್ಲಿ ಯಾವ ವಯಸ್ಸಿಗೆ ಯಾವುದು ಎಕ್ಸ್‌ರೇಯಲ್ಲಿ ಕಾಣುತ್ತದೆ ಎಂಬ ಪಟ್ಟಿ ಗೋಡೆ ಮೇಲಿದೆ, ಅದನ್ನೇ ನೋಡುತ್ತೇನೆ.

ಮುಂಗೈಯ ಎರಡೂ ಮೂಳೆ ಮುರಿದು, ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದ ಮಕ್ಕಳ ವಿಷಯ ಮಾತ್ರ ಬೇರೆ. ಅದು ಪ್ಲಾಸ್ಟರ್ ಒಳಗೇ ಜಾರಬಹುದು. ಅವರು ಯಲ್ಲಾಪುರದಿಂದ ಬರಲಿ, ಕುಮಟಾದಿಂದ ಬರಲಿ, ವಾರಕ್ಕೊಮ್ಮೆ ಎಕ್ಸ್‌ರೇ ತೆಗೆಸಿಯೇ ಕಳಿಸುತ್ತೇನೆ.