ಎಪ್ಪತ್ತು ಪರ್ಸೆಂಟ್ ಬ್ಲಾಕ್, ಆದರೂ ಸ್ಟೆಂಟ್ ಬೇಡ: ಒತ್ತಡದ ವರದಿ ಓದುವುದು ಹೇಗೆ?

ಆಂಜಿಯೊಗ್ರಾಮ್ ಮುಗಿದ ಮೇಲೆ ಮನೆಯವರ ತಲೆಯಲ್ಲಿ ಉಳಿಯುವುದು ಒಂದೇ ಮಾತು, 'ಎಪ್ಪತ್ತು ಪರ್ಸೆಂಟ್ ಬ್ಲಾಕ್'. ವರದಿಯಲ್ಲಿ ಅದರ ಕೆಳಗೇ 'ಎಫ್‌ಎಫ್‌ಆರ್ (ಫ್ರ್ಯಾಕ್ಷನಲ್ ಫ್ಲೋ ರಿಸರ್ವ್) 0.84' ಎಂದಿದ್ದು, ವೈದ್ಯರು ಸ್ಟೆಂಟ್ ಬೇಡ ಎಂದರೆ ಗಾಬರಿ ಇನ್ನೂ ಹೆಚ್ಚುತ್ತದೆ. ಮೊದಲ ಅಂಕಿ ನಾಳ ಎಷ್ಟು ಕಿರಿದಾಗಿದೆ ಎನ್ನುತ್ತದೆ. ಎರಡನೆಯದು, ಆ ಇಕ್ಕಟ್ಟಿನಿಂದ ಹೃದಯದ ಸ್ನಾಯುವಿಗೆ ಎಷ್ಟು ರಕ್ತ ಖೋತಾ ಆಗುತ್ತಿದೆ ಎನ್ನುತ್ತದೆ. ಈ ಎರಡನೆಯ ಅಂಕಿ ಹುಟ್ಟುವ ಬಗೆಯನ್ನು ಹಂತ ಹಂತವಾಗಿ ನೋಡೋಣ.

1. ಚಿತ್ರವನ್ನು ಅರ್ಧ ಮಾತ್ರ ನಂಬಿ. ಆಂಜಿಯೊಗ್ರಾಮ್‌ನಲ್ಲಿ ಕಾಣುವುದು ನಾಳದೊಳಗೆ ಹರಿಯುವ ಡೈನ ನೆರಳು; ಗೋಡೆಯಲ್ಲ. ನಾಳವನ್ನು ಕಿರಿದಾಗಿಸುವ ಪ್ಲಾಕ್, ಅಂದರೆ ಕೊಬ್ಬು ಸೇರಿದ ಗಡ್ಡೆ, ಬೆಳೆಯುವುದು ಗೋಡೆಯೊಳಗೆ. ಆರಂಭದಲ್ಲಿ ನಾಳವೇ ಹೊರಕ್ಕೆ ಹಿಗ್ಗಿ ಅದಕ್ಕೆ ಜಾಗ ಕೊಡುತ್ತದೆ. ಗೋಡೆಯೊಳಗಿನ ಜಾಗದಲ್ಲಿ ಸುಮಾರು ಶೇ 40ರಷ್ಟನ್ನು ಪ್ಲಾಕ್ ಆಕ್ರಮಿಸುವವರೆಗೂ ಒಳದಾರಿ ಕಿರಿದಾಗದೆ ಇರಬಹುದು ಎಂದು 1987ರಲ್ಲೇ ಗ್ಲಾಗೊವ್ ತಂಡ ತೋರಿಸಿತ್ತು.

2. ತಂತಿಯನ್ನು ಸರಿಹೊಂದಿಸುವುದು. ಒತ್ತಡ ಅಳೆಯಲು ಕ್ಯಾಥೆಟರ್ ಎಂಬ ತೆಳು ಕೊಳವೆಯ ಮೂಲಕ ನಾಳದೊಳಗೆ ಇಳಿಸುವ ತಂತಿಯ ದಪ್ಪ ಸುಮಾರು 0.36 ಮಿ.ಮೀ. ಅದರ ತುದಿಯಿಂದ ಸುಮಾರು 3 ಸೆಂ.ಮೀ. ಹಿಂದೆ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಸೆನ್ಸರನ್ನು ಮೊದಲು ಕ್ಯಾಥೆಟರ್‌ನ ಬಾಯಿಯಲ್ಲೇ ನಿಲ್ಲಿಸಿ, ತಂತಿಯ ಒತ್ತಡ, ಕ್ಯಾಥೆಟರ್‌ನಲ್ಲಿ ಅಳೆಯುವ ಮಹಾಪಧಮನಿಯ ಒತ್ತಡ ಎರಡೂ ಒಂದೇ ಅಂಕಿ ತೋರಿಸುವಂತೆ ಮಾಡುತ್ತಾರೆ. ಇದು ತಪ್ಪಿದರೆ ಮುಂದಿನದ್ದೆಲ್ಲ ವ್ಯರ್ಥ. ಆಮೇಲೆ ತಂತಿ ಇಕ್ಕಟ್ಟನ್ನು ದಾಟಿ ಮುಂದೆ ಹೋಗುತ್ತದೆ.

3. ಹರಿವನ್ನು ಹೆಚ್ಚಿಸುವುದು. ವಿಶ್ರಾಂತಿಯಲ್ಲಿ ಇಕ್ಕಟ್ಟು ತನ್ನನ್ನು ಅಡಗಿಸಿಕೊಳ್ಳಬಲ್ಲದು, ಏಕೆಂದರೆ ಅದರ ಮುಂದಿರುವ ಸಣ್ಣ ನಾಳಗಳು ಅಗಲವಾಗಿ ಕೊರತೆಯನ್ನು ತುಂಬಿಕೊಡುತ್ತವೆ. ಅಡೆನೊಸಿನ್ ಎಂಬ ಔಷಧ ಕೊಟ್ಟು ಆ ಸಣ್ಣ ನಾಳಗಳನ್ನೆಲ್ಲ ಒಮ್ಮೆಲೇ ತೆರೆಸಿದರೆ ಬಚ್ಚಿಡಲು ಏನೂ ಉಳಿಯುವುದಿಲ್ಲ. ರೋಗಿಗೆ ಎದೆ ಬಿಗಿದಂತೆ, ಉಸಿರು ಕಟ್ಟಿದಂತೆ ಅನಿಸಬಹುದು; ಔಷಧ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಅದು ಹೋಗುತ್ತದೆ.

4. ಒಂದು ಭಾಗಾಕಾರ. ಮಹಾಪಧಮನಿಯಲ್ಲಿ ಸರಾಸರಿ ಒತ್ತಡ 100, ಇಕ್ಕಟ್ಟಿನ ಆಚೆ 72 ಎಂದುಕೊಳ್ಳಿ. ಎಫ್‌ಎಫ್‌ಆರ್ 0.72. ನಾಳ ಸ್ವಚ್ಛವಾಗಿದ್ದರೆ ಗರಿಷ್ಠ ಎಷ್ಟು ರಕ್ತ ಸಿಗುತ್ತಿತ್ತೋ ಅದರ ಶೇ 72 ಮಾತ್ರ ಸ್ನಾಯುವಿಗೆ ಸಿಗುತ್ತಿದೆ ಎಂದರ್ಥ. ನಿಕೊ ಪೈಲ್ಸ್, ಬರ್ನಾರ್ಡ್ ಡಿ ಬ್ರೂಯ್ನ್ ಮತ್ತಿತರರು 1990ರ ದಶಕದಲ್ಲಿ ರೂಪಿಸಿದ ಲೆಕ್ಕವಿದು. ಈಗ ಬಳಕೆಯಲ್ಲಿರುವ ಗೆರೆ 0.80: ಅದಕ್ಕೆ ಸಮ ಅಥವಾ ಕಡಿಮೆ ಬಂದರೆ ಸ್ಟೆಂಟ್‌ನ ಮಾತು. 1,005 ರೋಗಿಗಳ ಫೇಮ್ ಅಧ್ಯಯನದಲ್ಲಿ (2009), ಒಂದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಮರುಚಿಕಿತ್ಸೆಯ ಪ್ರಮಾಣ ಚಿತ್ರ ನೋಡಿಯೇ ಸ್ಟೆಂಟ್ ಹಾಕಿದವರಲ್ಲಿ ಶೇ 18.3, ಒತ್ತಡ ಅಳೆದು ಹಾಕಿದವರಲ್ಲಿ ಶೇ 13.2 ಇತ್ತು. ಬಳಸಿದ ಸ್ಟೆಂಟ್‌ಗಳೂ ಕಡಿಮೆ.

ಹಾಗಾದರೆ ಅದೇ ಶೇ 70 ಒಬ್ಬರಲ್ಲಿ 0.84, ಇನ್ನೊಬ್ಬರಲ್ಲಿ 0.68 ಏಕೆ? ನಾಳದ ಮುಂದೆ ಎಷ್ಟು ಸ್ನಾಯು ಬಾಯಾರಿ ಕುಳಿತಿದೆ ಎಂಬುದರ ಮೇಲೆ ಹರಿವು ನಿಂತಿದೆ. ಹೃದಯದ ಮುಂಭಾಗಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ಹರಿವು ಹೆಚ್ಚು, ಹಾಗಾಗಿ ಒತ್ತಡದ ಕುಸಿತವೂ ಹೆಚ್ಚು. ಸಣ್ಣ ಕವಲಿನಲ್ಲಿ, ಇಲ್ಲವೇ ಹಳೆಯ ಹೃದಯಾಘಾತದಿಂದ ಸ್ನಾಯು ಸತ್ತು ಕಲೆಯಾದ ಕಡೆ, ಅಷ್ಟೇ ಇಕ್ಕಟ್ಟು ಸುಮ್ಮನಿರುತ್ತದೆ. ಪ್ಲಾಕ್ ಉದ್ದವಾಗಿದ್ದಷ್ಟೂ ಕುಸಿತ ಜಾಸ್ತಿ.

5. ತಂತಿಯನ್ನು ಹಿಂದಕ್ಕೆಳೆಯುವುದು. ನನಗೆ ಎಲ್ಲಕ್ಕಿಂತ ಇಷ್ಟದ ಹಂತ ಇದು. ವರದಿಗಳಲ್ಲಿ ಇದಕ್ಕೆ ಸಿಗುವ ಜಾಗ ಮಾತ್ರ ಕಡಿಮೆ. ಔಷಧ ಹರಿಯುತ್ತಿರುವಾಗಲೇ ಸೆನ್ಸರನ್ನು ನಿಧಾನವಾಗಿ ಹಿಂದಕ್ಕೆ ತರುತ್ತಾರೆ. ಪರದೆಯ ಮೇಲಿನ ಗೆರೆ ಒಂದೇ ಜಾಗದಲ್ಲಿ ಮೆಟ್ಟಿಲಿನಂತೆ ಜಿಗಿದರೆ ತೊಂದರೆ ಕೊಡುತ್ತಿರುವ ಪ್ಲಾಕ್ ಅಲ್ಲೇ ಕೂತಿದೆ. ಅಲ್ಲಿಗೆ ಸ್ಟೆಂಟ್ ಹಾಕಿದರೆ ಒತ್ತಡ ಮರಳುತ್ತದೆ. ಗೆರೆ ಇಳಿಜಾರಿನಂತೆ ಉದ್ದಕ್ಕೂ ಏರುತ್ತ ಬಂದರೆ ಪ್ಲಾಕ್ ನಾಳದುದ್ದಕ್ಕೂ ಸವರಿದಂತೆ ಹರಡಿದೆ. ಎಫ್‌ಎಫ್‌ಆರ್ ಎರಡರಲ್ಲೂ 0.74 ಇರಬಹುದು. ಆದರೆ ಎರಡನೆಯವರಿಗೆ ಸ್ಟೆಂಟ್‌ನಿಂದ ಸಿಗುವ ಲಾಭ ಅಲ್ಪ.

6. ಮರುಪರೀಕ್ಷೆ. ಸೆನ್ಸರ್ ಕ್ಯಾಥೆಟರ್‌ನ ಬಾಯಿಗೆ ಮರಳಿದಾಗ ಎರಡೂ ಒತ್ತಡಗಳು ಮತ್ತೆ ಸಮನಾಗಬೇಕು. ಆಗದಿದ್ದರೆ ತಂತಿಯ ಅಳತೆ ಜಾರಿದೆ, ಮತ್ತೆ ಅಳೆಯಬೇಕು. 0.79 ಮತ್ತು 0.82ರ ನಡುವೆ ನಿರ್ಧಾರ ತೂಗುತ್ತಿರುವಾಗ ಈ ಜಾರುವಿಕೆ ಸಣ್ಣದಲ್ಲ.

ವರದಿಯಲ್ಲಿ 'ಐಎಫ್‌ಆರ್' ಎಂದಿದ್ದರೆ ಅದು ಅಡೆನೊಸಿನ್ ಇಲ್ಲದೆ ಅಳೆದದ್ದು. ಅದರ ಗೆರೆ 0.89.

ಈ ಯಾವ ಅಂಕಿಯೂ ಪ್ಲಾಕ್‌ನ ಸ್ವಭಾವವನ್ನು ಹೇಳುವುದಿಲ್ಲ. ತೆಳು ಪೊರೆಯಡಿ ಕೊಬ್ಬು ತುಂಬಿಕೊಂಡ ಪ್ಲಾಕ್ ಹರಿವಿಗೆ ಅಡ್ಡಿಯಾಗದೆಯೂ ಒಡೆಯಬಹುದು. 2021ರಲ್ಲಿ ಪ್ರಕಟವಾದ, ಮಧುಮೇಹಿಗಳ ಒಂದು ಅಧ್ಯಯನದಲ್ಲಿ ಎಫ್‌ಎಫ್‌ಆರ್ 0.80ಕ್ಕಿಂತ ಮೇಲಿದ್ದವರ ನಾಳಗಳನ್ನು ಒಸಿಟಿ ಎಂಬ ಬೆಳಕಿನ ಸ್ಕ್ಯಾನ್‌ನಿಂದ ಒಳಗಿನಿಂದ ನೋಡಿದರು. 18 ತಿಂಗಳಲ್ಲಿ ಹೃದಯದ ತೊಂದರೆಗಳು ತೆಳು ಪೊರೆಯ ಪ್ಲಾಕ್ ಇದ್ದವರಲ್ಲಿ ಶೇ 13.3, ಇಲ್ಲದವರಲ್ಲಿ ಶೇ 3.1. ಸ್ಟೆಂಟ್ ಬೇಡ ಎಂದ ವೈದ್ಯರೇ, 0.84ರ ವರದಿಯ ಜೊತೆಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಬರೆದು ಕೊಡುವುದು ಇದಕ್ಕೇ.